‘ಇದು ನನ್ನ ಕೈಲಿ ಆಗುತ್ತೆ’ ಅನ್ನುವ ನಂಬಿಕೆ ಎಲ್ಲಿಂದ ಬರುತ್ತದೆ?

“ಓದಾಕ ಮನಸ್ಸ ಆಗವಲ್ದು” ಎಂದು ಕಾಲೇಜಿಗೆ ಹೋಗುವ ಮಗ ಅಥವಾ ಮಗಳು ಹೇಳಿದರೆ ನಮ್ಮಲ್ಲಿ ಒಂದೇ ಉತ್ತರ ಸಿದ್ಧವಾಗಿರುತ್ತದೆ. ಮನಸ್ಸು ಗಟ್ಟಿ ಮಾಡು, ಮೊಬೈಲ್ ಬದಿಗಿಡು, ಕೂತು ಓದು. ಆದರೆ ಆ ಒಂದು ಮಾತಿನ ಹಿಂದೆ ಎರಡು ಬೇರೆ ಬೇರೆ ತೊಂದರೆಗಳು ಇರಬಹುದು. ಒಬ್ಬನಿಗೆ ಆ ವಿಷಯ ತನಗೆ ಯಾಕೆ ಬೇಕು ಅನ್ನುವುದೇ ಗೊತ್ತಿಲ್ಲ. ಇನ್ನೊಬ್ಬನಿಗೆ ಅದು ಬೇಕೇ ಬೇಕು, ಆದರೆ ತನ್ನಿಂದ ಆಗಲ್ಲ ಎಂದು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದಾನೆ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಇಬ್ಬರಿಗೂ ಒಂದೇ ಬುದ್ಧಿಮಾತು ಸಿಗುತ್ತದೆ. ಮೊದಲನೆಯವನಿಗೆ ಅದು ತಾಗುವುದಿಲ್ಲ. ಎರಡನೆಯವನಿಗೆ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ.

‘ಇದು ನನಗೆ ಬೇಕಾ?’ ಮತ್ತು ‘ಇದು ನನ್ನಿಂದ ಆಗುತ್ತಾ?’ ಈ ಎರಡು ಪ್ರಶ್ನೆಗಳನ್ನು ಬೇರೆ ಮಾಡಿ ನೋಡಬೇಕು. ಅಮೆರಿಕದ ಮನೋವಿಜ್ಞಾನಿ ಜಾಕ್ವೆಲಿನ್ ಎಕಲ್ಸ್ ಮತ್ತು ಅವರ ಸಂಗಡಿಗರು 1983ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಮುಂದಿಟ್ಟರು. ವಿದ್ಯಾರ್ಥಿ ಒಂದು ವಿಷಯ ಆರಿಸಿಕೊಳ್ಳುವುದು, ಅದರಲ್ಲಿ ದುಡಿಯುವುದು, ಕಷ್ಟ ಬಂದಾಗ ಬಿಡದೆ ನಿಲ್ಲುವುದು, ಇವೆಲ್ಲ ಈ ಎರಡೂ ಉತ್ತರಗಳ ಮೇಲೆ ನಿಂತಿವೆ. ಒಂದಕ್ಕೆ ‘ಇಲ್ಲ’ ಅನ್ನುವ ಉತ್ತರ ಗಟ್ಟಿಯಾಗಿಬಿಟ್ಟರೆ, ಇನ್ನೊಂದಕ್ಕೆ ಎಷ್ಟೇ ಜೋರಾಗಿ ‘ಹೌದು’ ಅಂದರೂ ಪುಸ್ತಕ ತೆರೆಯುವುದು ಕಷ್ಟ.

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಎರಡನೆಯ ಪ್ರಶ್ನೆಯೇ ಜಾಸ್ತಿ ಕಾಡುತ್ತದೆ ಎಂದು ನನಗನಿಸುತ್ತದೆ. ಇಲ್ಲಿ ದೊಡ್ಡ ಓದಿನ ಬಾಗಿಲು ಹತ್ತಿರಕ್ಕೆ ಬಂದು ಬಹಳ ಕಾಲವಾಗಿಲ್ಲ. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಶುರುವಾಗಿದ್ದು 1998ರಲ್ಲಿ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ ಬಂದಿದ್ದು 2003ರಲ್ಲಿ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ 2008ರಲ್ಲಿ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ 2010ರಲ್ಲಿ. ಹೀಗಾಗಿ ಸಿಂದಗಿ, ಹುನಗುಂದ, ರಾಯಬಾಗ ಕಡೆಯ ಹಳ್ಳಿಗಳಿಂದ ಬರುವ ಎಷ್ಟೋ ಮಕ್ಕಳು ತಮ್ಮ ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲಿಗರು. ಓದು ಬೇಕು ಅನ್ನುವುದರಲ್ಲಿ ಅವರಿಗೆ ಅನುಮಾನವೇ ಇಲ್ಲ. ಫೀ ಕಟ್ಟಲು ಮನೆಯವರು ಪಟ್ಟ ಪಾಡು ಕಣ್ಣ ಮುಂದಿದೆ. ಅನುಮಾನ ಇರುವುದು ತಮ್ಮ ಮೇಲೆಯೇ.

ಹಾವಿನ ಭಯ ಕಲಿಸಿದ್ದು

ಈ ‘ನನ್ನಿಂದ ಆಗುತ್ತೆ’ ಅನ್ನುವ ನಂಬಿಕೆಯನ್ನು ಆಳವಾಗಿ ಅಧ್ಯಯನ ಮಾಡಿದವರು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ. ಕೆನಡಾದಲ್ಲಿ 1925ರಲ್ಲಿ ಹುಟ್ಟಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿ, 2021ರಲ್ಲಿ ತೀರಿಕೊಂಡರು. 1977ರಲ್ಲಿ ಅವರು ಬರೆದ ಒಂದು ಪ್ರಬಂಧ ಈ ವಿಚಾರಕ್ಕೆ ‘ಸೆಲ್ಫ್ ಎಫಿಕಸಿ’ ಎಂಬ ಹೆಸರು ಕೊಟ್ಟಿತು.

ಸ್ವಾರಸ್ಯ ಏನೆಂದರೆ, ಆ ವಿಚಾರ ಬೆಳೆದಿದ್ದು ತರಗತಿಯಲ್ಲಲ್ಲ, ಹಾವಿಗೆ ವಿಪರೀತ ಹೆದರುವ ಜನರ ನಡುವೆ. ಕೆಲವರಿಗೆ ಬೇರೆಯವರು ಹಾವು ಹಿಡಿಯುವುದನ್ನು ತೋರಿಸಲಾಯಿತು. ಇನ್ನು ಕೆಲವರು, ಜೊತೆಗೊಬ್ಬರ ನೆರವು ಇಟ್ಟುಕೊಂಡು, ಒಂದೊಂದೇ ಹೆಜ್ಜೆಯಾಗಿ ತಾವೇ ಮಾಡಿದರು. ಮೊದಲು ದೂರದಿಂದ ನೋಡುವುದು, ಆಮೇಲೆ ಹತ್ತಿರ ಹೋಗುವುದು, ಮುಟ್ಟುವುದು, ಕೊನೆಗೆ ಕೈಯಲ್ಲಿ ಹಿಡಿಯುವುದು. ನೋಡಿದವರಿಗೂ ಧೈರ್ಯ ಬಂತು. ತಾವೇ ಮಾಡಿದವರಿಗೆ ಅದಕ್ಕಿಂತ ಹೆಚ್ಚು ಬಂತು. ಮುಂದೆ ಯಾರು ಎಷ್ಟು ದೂರ ಹೋಗಬಲ್ಲರು ಎಂಬುದನ್ನು, ಅವರಿಗೆ ತಮ್ಮ ಮೇಲೆ ಎಷ್ಟು ನಂಬಿಕೆ ಹುಟ್ಟಿದೆ ಎಂಬುದರಿಂದ ಬಹಳ ಮಟ್ಟಿಗೆ ಮೊದಲೇ ಹೇಳಬಹುದಿತ್ತು.

ಓದಿಗೂ ಇದೇ ಮಾತು ನಿಲ್ಲುತ್ತದೆ. ಆದರೆ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ಬಿಡಿಸಿಕೊಳ್ಳಬೇಕು. ಬಂಡೂರಾ ಹೇಳಿದ್ದು ‘ನಾನು ಭಾರಿ ಜಾಣ’ ಅನ್ನುವ ಒಟ್ಟಾರೆ ಆತ್ಮವಿಶ್ವಾಸವನ್ನಲ್ಲ. ಈ ನಂಬಿಕೆ ಒಂದೊಂದು ಕೆಲಸಕ್ಕೆ ಒಂದೊಂದು ಥರ ಇರುತ್ತದೆ. ಒಬ್ಬ ಹುಡುಗ ಕಬಡ್ಡಿ ಅಂಕಣದಲ್ಲಿ ಹುಲಿಯಂತಿರುತ್ತಾನೆ. ಊರ ಜಾತ್ರೆಯಲ್ಲಿ ನೂರಾರು ಜನರ ಮುಂದೆ ಮೈಕ್ ಹಿಡಿದು ಮಾತಾಡುತ್ತಾನೆ. ಅವನೇ ಇಂಜಿನಿಯರಿಂಗ್ ಮೊದಲ ವರ್ಷದ ಎಂ-ಒನ್ ಗಣಿತದ ಪ್ರಶ್ನೆ ನೋಡಿದ ಕೂಡಲೇ ಪೆನ್ನು ಕೆಳಗಿಡುತ್ತಾನೆ. ಡಿಪ್ಲೊಮಾ ಮುಗಿಸಿ ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಿದವರನ್ನು ನೋಡಿ. ಲ್ಯಾಬ್‌ನಲ್ಲಿ, ವರ್ಕ್‌ಶಾಪ್‌ನಲ್ಲಿ ಎಲ್ಲರಿಗಿಂತ ಮುಂದೆ. ಗಣಿತದ ಕ್ಲಾಸಿನಲ್ಲಿ ಕೊನೇ ಬೆಂಚು. ಹಾಗಾಗಿ “ಅವನಿಗೆ ಕಾನ್ಫಿಡೆನ್ಸ್ ಇಲ್ಲ” ಅನ್ನುವುದು ಅರ್ಧ ಮಾತು. ಯಾವುದರಲ್ಲಿ ಇಲ್ಲ ಎಂದು ಕೇಳಿದಾಗಲೇ ದಾರಿ ಕಾಣುವುದು.

ನಂಬಿಕೆ ಓದಿನ ರೀತಿಯನ್ನೇ ಬದಲಿಸುತ್ತದೆ

ತನ್ನ ಮೇಲೆ ನಂಬಿಕೆ ಇರುವವರು ಹೆಚ್ಚು ಹೊತ್ತು ಓದುತ್ತಾರೆ, ಇಲ್ಲದವರು ಕಡಿಮೆ ಓದುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ನಾನು ಕಂಡಂತೆ ಯಾವಾಗಲೂ ಹಾಗಿಲ್ಲ. ನಂಬಿಕೆ ಇಲ್ಲದ ಎಷ್ಟೋ ಮಕ್ಕಳು ರಾತ್ರಿಯೆಲ್ಲ ಕೂತಿರುತ್ತಾರೆ. ವ್ಯತ್ಯಾಸ ಇರುವುದು ಆ ಹೊತ್ತಿನಲ್ಲಿ ಏನು ಮಾಡುತ್ತಾರೆ ಅನ್ನುವುದರಲ್ಲಿ.

ನಂಬಿಕೆ ಕಡಿಮೆ ಇದ್ದವರು ಹೆದರಿಕೆ ಆಗದಂಥ ಕೆಲಸವನ್ನು ಆರಿಸಿಕೊಳ್ಳುತ್ತಾರೆ. ಜೆರಾಕ್ಸ್ ನೋಟ್ಸನ್ನು ಮತ್ತೆ ಮತ್ತೆ ಓದುವುದು. ಹಳದಿ ಬಣ್ಣದ ಪೆನ್ನಿನಿಂದ ಗೆರೆ ಎಳೆಯುವುದು. ಗೆಳತಿಯ ನೋಟ್ಸನ್ನು ಅಂದವಾಗಿ ಕಾಪಿ ಮಾಡುವುದು. ಇಂಪಾರ್ಟೆಂಟ್ ಪ್ರಶ್ನೆಗಳ ಪಟ್ಟಿಗಾಗಿ ನಾಲ್ಕು ಜನರಿಗೆ ಫೋನ್ ಮಾಡುವುದು. ಇದರಲ್ಲೆಲ್ಲ ಒಂದು ಸಮಾಧಾನ ಇದೆ. ಯಾಕೆಂದರೆ ಇದ್ಯಾವುದೂ ‘ನಿನಗೆ ಬರಲ್ಲ’ ಎಂದು ಮುಖಕ್ಕೆ ಹೇಳುವುದಿಲ್ಲ. ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆದುಕೊಂಡು, ಓದಿದ್ದನ್ನು ನೆನಪಿನಿಂದ ಬರೆಯಲು ಹೋದರೆ ಮಾತ್ರ ಆ ಮಾತು ಕೇಳಬೇಕಾಗುತ್ತದೆ. ತನ್ನಿಂದ ಆಗಲ್ಲ ಎಂದು ಮೊದಲೇ ಹೆದರಿದವರು ಆ ಹಾಳೆಯ ಹತ್ತಿರವೂ ಹೋಗುವುದಿಲ್ಲ.

ಆದರೆ ಕಲಿಕೆ ಆಗುವುದು ಜಾಸ್ತಿ ಆ ಹಾಳೆಯ ಮೇಲೆಯೇ. ಗರಡಿ ಮನೆಯ ಕಟ್ಟೆ ಮೇಲೆ ಕೂತು ಎಷ್ಟು ವರ್ಷ ಕುಸ್ತಿ ನೋಡಿದರೂ ಪೈಲ್ವಾನ ಆಗುವುದಿಲ್ಲ, ಕೆಮ್ಮಣ್ಣಿಗೆ ಇಳಿದು ಬೀಳಬೇಕು, ಅಲ್ವಾ? ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಇದನ್ನು ಅಳೆದು ತೋರಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸಲದ ಓದಿನಲ್ಲಿ ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಮೊದಲ ಸಲ ಮಾತ್ರ ಓದಿ, ಉಳಿದ ಮೂರು ಸಲ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಇಟ್ಟಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಅವರಿಗೆ ಶೇ. 83ರಷ್ಟು ನೆನಪಿತ್ತು, ಬರೆದವರಿಗೆ ಶೇ. 71. ಒಂದು ವಾರ ಬಿಟ್ಟು ಇಟ್ಟ ಪರೀಕ್ಷೆಯಲ್ಲಿ ಎಲ್ಲ ತಲೆಕೆಳಗಾಯಿತು. ಓದಿದವರಿಗೆ ಶೇ. 40, ಬರೆದವರಿಗೆ ಶೇ. 61.

ಈ ಅಂಕಿಗಳ ಮೊದಲ ಭಾಗವನ್ನು ಯಾರೂ ಮರೆಯಬಾರದು. ಮತ್ತೆ ಮತ್ತೆ ಓದಿದ ಕೂಡಲೇ ನಿಜವಾಗಿಯೂ ಚೆನ್ನಾಗಿ ನೆನಪಿರುತ್ತದೆ. ಅದಕ್ಕೇ ಆ ದಾರಿ ಅಷ್ಟು ನಂಬಿಸುತ್ತದೆ. ‘ಎಲ್ಲ ಬಂತು’ ಅನ್ನಿಸುತ್ತದೆ. ಒಂದು ವಾರ ಕಳೆದು ಪರೀಕ್ಷಾ ಹಾಲ್‌ನಲ್ಲಿ ಕೂತಾಗ ಅರ್ಧ ಜಾರಿಹೋಗಿರುತ್ತದೆ. ಆಗ ವಿದ್ಯಾರ್ಥಿ ತನ್ನ ಓದಿನ ರೀತಿಯನ್ನು ದೂರುವುದಿಲ್ಲ. “ಇಷ್ಟ ಓದಿದ್ರೂ ಬರಂಗಿಲ್ಲಂದ್ರ ನನ್ನ ತಲೀನ ಸರಿ ಇಲ್ಲ” ಎಂದು ತನ್ನನ್ನೇ ದೂರಿಕೊಳ್ಳುತ್ತಾನೆ. ನಂಬಿಕೆ ಇನ್ನೂ ಇಳಿಯುತ್ತದೆ. ಮುಂದಿನ ಸೆಮಿಸ್ಟರ್‌ನಲ್ಲಿ ಇನ್ನೂ ಹೆದರಿಕೆ ಇಲ್ಲದ ದಾರಿ ಹುಡುಕುತ್ತಾನೆ. ಈ ಸುತ್ತಿನಲ್ಲಿ ಸಿಕ್ಕಿಕೊಂಡ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅವರು ಸೋಮಾರಿಗಳಲ್ಲ. ಅವರ ದುಡಿಮೆ ದಂಡವಾಗುತ್ತಿದೆ, ಅಷ್ಟೇ.

ಇದು ನಮ್ಮ ಕಡೆಯ ಮಕ್ಕಳದ್ದಷ್ಟೇ ಕಥೆಯಲ್ಲ. 2009ರಲ್ಲಿ ಕಾರ್ಪಿಕಿ ಮತ್ತು ಜೊತೆಗಾರರು 177 ಅಮೆರಿಕನ್ ಕಾಲೇಜು ವಿದ್ಯಾರ್ಥಿಗಳನ್ನು ಹೇಗೆ ಓದುತ್ತೀರಿ ಎಂದು ಕೇಳಿದರು. ಶೇ. 84ರಷ್ಟು ಜನ ನೋಟ್ಸ್ ಅಥವಾ ಪುಸ್ತಕವನ್ನು ಮತ್ತೆ ಓದುತ್ತೇವೆ ಅಂದರು. ನೆನಪಿನಿಂದ ಹೇಳಿ ನೋಡಿಕೊಳ್ಳುತ್ತೇವೆ ಎಂದವರು ಶೇ. 11 ಮಾತ್ರ.

ನಂಬಿಕೆ ಮೊದಲೋ, ಮಾರ್ಕ್ಸ್ ಮೊದಲೋ?

2012ರಲ್ಲಿ ಮಿಷೆಲ್ ರಿಚರ್ಡ್‌ಸನ್ ಮತ್ತು ಸಂಗಡಿಗರು, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಅಂಕಗಳ ಜೊತೆ ಮನಸ್ಸಿನ ಯಾವ ಯಾವ ಅಂಶಗಳು ಕೂಡಿಕೊಂಡಿವೆ ಎಂದು ಅನೇಕ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಎಲ್ಲಕ್ಕಿಂತ ಮುಂದೆ ಬಂದಿದ್ದು ‘ನಾನು ಇಂತಿಷ್ಟು ಅಂಕ ತೆಗೆಯಬಲ್ಲೆ’ ಅನ್ನುವ ನಂಬಿಕೆ. ಎರಡು ಸಂಗತಿಗಳು ಪೂರ್ತಿ ಒಟ್ಟಿಗೆ ಹೋದರೆ 1, ಸಂಬಂಧವೇ ಇಲ್ಲದಿದ್ದರೆ 0 ಎಂದು ಲೆಕ್ಕ ಹಾಕುವ ಅಳತೆಯಲ್ಲಿ ಇದಕ್ಕೆ 0.59 ಬಂತು. ಮನುಷ್ಯರ ವಿಚಾರದಲ್ಲಿ ಇದು ದೊಡ್ಡ ಸಂಖ್ಯೆ.

ಇದನ್ನು ಕೇಳಿ ‘ಹಾಗಾದರೆ ಮಕ್ಕಳಲ್ಲಿ ನಂಬಿಕೆ ತುಂಬಿಬಿಡೋಣ, ಮಾರ್ಕ್ಸ್ ತಾನಾಗಿ ಬರುತ್ತದೆ’ ಎಂದು ಹೊರಡುವುದು ಸುಲಭ. ಕಾಲೇಜುಗಳಲ್ಲಿ ಭಾಷಣಕಾರರನ್ನು ಕರೆಸುವುದು, ವಾಟ್ಸ್ಯಾಪ್‌ನಲ್ಲಿ ಸ್ಫೂರ್ತಿಯ ಮಾತು ಹಂಚುವುದು ಈ ಆಸೆಯಿಂದಲೇ. ಆದರೆ ಇಲ್ಲೊಂದು ತಿರುವು ಇದೆ. ಒಮ್ಮೆ ಒಳ್ಳೇ ಅಂಕ ಪಡೆದವರು ಸಹಜವಾಗಿಯೇ ಮುಂದೆಯೂ ಪಡೆಯುತ್ತೇನೆ ಎಂದು ನಂಬುತ್ತಾರೆ. ಅಂದರೆ ನಂಬಿಕೆಯಿಂದ ಅಂಕ ಬಂತೋ, ಅಂಕದಿಂದ ನಂಬಿಕೆ ಬಂತೋ? 2018ರಲ್ಲಿ ಕೇಟ್ ಟಾಲ್ಸ್ಮಾ ಮತ್ತು ಜೊತೆಗಾರರು, ಒಂದೇ ವಿದ್ಯಾರ್ಥಿಗಳನ್ನು ಬೇರೆ ಬೇರೆ ಸಮಯದಲ್ಲಿ ಅಳೆದ ಅಧ್ಯಯನಗಳನ್ನು ಕೂಡಿಸಿ ಇದನ್ನು ಬಿಡಿಸಲು ನೋಡಿದರು. ಎರಡೂ ದಿಕ್ಕಿನಲ್ಲಿ ಪರಿಣಾಮ ಇತ್ತು. ಆದರೆ ಸಾಧನೆಯಿಂದ ನಂಬಿಕೆಯ ಕಡೆಗೆ ಹೋಗುವ ಎಳೆ, ನಂಬಿಕೆಯಿಂದ ಸಾಧನೆಗೆ ಹೋಗುವ ಎಳೆಗಿಂತ ಸುಮಾರು ಮೂರು ಪಟ್ಟು ಬಲವಾಗಿತ್ತು.

ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ. ನಂಬಿಕೆ ಬಂದ ಮೇಲೆ ಓದೋಣ ಎಂದು ಕಾಯುವುದು ಬೇಡ. ಸಣ್ಣದೊಂದು ಕೆಲಸ ಮಾಡಿ ಮುಗಿಸಿದ ಮೇಲೆ ನಂಬಿಕೆ ಅದರ ಹಿಂದೆ ಬರುತ್ತದೆ. ಬಂಡೂರಾ ಕೂಡ ನಂಬಿಕೆ ಹುಟ್ಟುವ ನಾಲ್ಕು ಮೂಲಗಳನ್ನು ಹೇಳುವಾಗ ಮೊದಲ ಸ್ಥಾನ ಕೊಟ್ಟಿದ್ದು ಇದಕ್ಕೇ, ತಾನೇ ಮಾಡಿ ಗೆದ್ದ ಅನುಭವಕ್ಕೆ. ಉಳಿದ ಮೂರು ಎಂದರೆ ನಮ್ಮಂಥವರು ಮಾಡಿದ್ದನ್ನು ನೋಡುವುದು, ಬೇರೆಯವರ ಉತ್ತೇಜನದ ಮಾತು, ಮತ್ತು ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಬರೀ ಮಾತಿನಿಂದ ಬಂದ ನಂಬಿಕೆ ಮೊದಲ ಸೋಲಿಗೇ ಕರಗಿಹೋಗಬಹುದು ಎಂದು ಅವರು ಎಚ್ಚರಿಸಿದ್ದರು. ಭಾಷಣ ಕೇಳಿ ಬಂದ ಹುಮ್ಮಸ್ಸು ಎರಡು ದಿನಕ್ಕೆ ಇಳಿಯುವುದು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ನೋಡಿ ಕಲಿಯುವ ಮೂಲದ ಬಗ್ಗೆ ಸ್ವಲ್ಪ ನಿಲ್ಲಬೇಕು. ಮನೆಯಲ್ಲಿ ಅಣ್ಣ, ಅಕ್ಕ, ಅತ್ತಿಗೆ ಯಾರಾದರೂ ಡಿಗ್ರಿ ಮಾಡಿದ್ದರೆ ಒಂದು ಬ್ಯಾಕ್‌ಲಾಗ್ ಉಳಿದರೆ ಲೋಕ ಮುಳುಗಲ್ಲ ಎಂದು ಮಗುವಿಗೆ ಗೊತ್ತಿರುತ್ತದೆ. ಮೊದಲಿಗರಿಗೆ ಅದು ಗೊತ್ತಿರುವುದಿಲ್ಲ. 1980ರ ದಶಕದಲ್ಲಿ ಡೇಲ್ ಶಂಕ್ ಎಂಬ ಸಂಶೋಧಕರು ಕಳೆಯುವ ಲೆಕ್ಕದಲ್ಲಿ ಹಿಂದೆ ಬಿದ್ದ ಮಕ್ಕಳ ಜೊತೆ ಕೆಲಸ ಮಾಡಿದರು. ಟೀಚರ್ ಲೆಕ್ಕ ಬಿಡಿಸುವುದನ್ನು ನೋಡಿದ ಮಕ್ಕಳಿಗಿಂತ, ತಮ್ಮದೇ ವಯಸ್ಸಿನ ಮಗು ಬಿಡಿಸುವುದನ್ನು ನೋಡಿದವರಿಗೆ ಹೆಚ್ಚು ನಂಬಿಕೆ ಬಂತು. ನಮ್ಮ ಕಾಲೇಜುಗಳಲ್ಲಿ ರ‍್ಯಾಂಕ್ ಬಂದವರನ್ನೇ ವೇದಿಕೆ ಹತ್ತಿಸುತ್ತೇವೆ. ಎಂ-ಒನ್‌ನಲ್ಲಿ ಫೇಲಾಗಿ, ಮತ್ತೆ ಕೂತು, ಪಾಸಾಗಿ, ಈಗ ಆರಾಮಾಗಿ ಆರನೇ ಸೆಮಿಸ್ಟರ್‌ನಲ್ಲಿರುವ ಸೀನಿಯರ್ ಒಬ್ಬನನ್ನು ಮೊದಲ ವರ್ಷದವರ ಮುಂದೆ ಕೂರಿಸಿ ಮಾತಾಡಿಸಿದರೆ ಕೊನೇ ಬೆಂಚಿನವರಿಗೆ ಅದರಿಂದ ಸಿಗುವುದು ಬಹಳ. ಅವನು ಹೇಗೆ ಫೇಲಾದ, ಆಮೇಲೆ ಏನು ಬದಲಿಸಿದ ಅನ್ನುವ ವಿವರವೇ ಅವರಿಗೆ ಬೇಕಾಗಿರುವುದು.

ಸೋಲಿಗೆ ಕೊಡುವ ಕಾರಣ

ಮೊದಲ ಸೆಮಿಸ್ಟರ್ ರಿಸಲ್ಟ್ ಬಂದ ದಿನ ಹಾಸ್ಟೆಲ್‌ಗಳಲ್ಲಿ ಕೇಳುವ ಮಾತುಗಳನ್ನು ಗಮನಿಸಿ. “ನನ್ನ ತಲಿಗೆ ಇಂಗ್ಲಿಷ್ ಹತ್ತಂಗಿಲ್ಲ.” “ಪೇಪರ್ ಭಾಳ ಟಫ್ ಇತ್ತು.” “ವ್ಯಾಲ್ಯುವೇಶನ್ ಸರಿ ಮಾಡಿಲ್ಲ.” “ನಾ ಹಳೇ ಪ್ರಶ್ನೆಪತ್ರಿಕೆ ಬಿಡಿಸಿ ನೋಡಿದ್ದಿಲ್ಲ.” ನಾಲ್ವರೂ ಫೇಲಾದವರೇ. ಆದರೆ ಮುಂದಿನ ಸೆಮಿಸ್ಟರ್‌ನಲ್ಲಿ ಓದುವ ರೀತಿ ಬದಲಿಸುವ ಸಾಧ್ಯತೆ ನಾಲ್ಕನೆಯವಳಿಗೆ ಹೆಚ್ಚು. ಬರ್ನಾರ್ಡ್ ವೈನರ್ ಎಂಬ ಮನೋವಿಜ್ಞಾನಿ ಇದನ್ನು ವಿಂಗಡಿಸಿ ತೋರಿಸಿದರು. ಸೋಲಿನ ಕಾರಣ ನಮ್ಮೊಳಗಿದೆಯೋ ಹೊರಗಿದೆಯೋ, ಬದಲಾಗುವಂಥದ್ದೋ ಅಲ್ಲವೋ, ನಮ್ಮ ಹಿಡಿತದಲ್ಲಿದೆಯೋ ಇಲ್ಲವೋ ಎಂದು ನಾವು ನಂಬುವುದರ ಮೇಲೆ ಮುಂದಿನ ಪ್ರಯತ್ನ ನಿಂತಿದೆ. ‘ನನ್ನ ತಲೆ’ ಎಂಬ ಕಾರಣ ಒಳಗಿದೆ, ಬದಲಾಗುವುದಿಲ್ಲ, ಹಿಡಿತಕ್ಕೂ ಸಿಗುವುದಿಲ್ಲ. ಅದಕ್ಕಿಂತ ಕೆಟ್ಟ ಕಾರಣ ಇನ್ನೊಂದಿಲ್ಲ.

ಅಮೆರಿಕದಲ್ಲಿ ಟಿಮೊಥಿ ವಿಲ್ಸನ್ ಮತ್ತು ಪೆಟ್ರಿಶಿಯಾ ಲಿನ್‌ವಿಲ್ 1982ರಲ್ಲಿ ಇದರ ಮೇಲೆ ಒಂದು ಪ್ರಯೋಗ ಮಾಡಿದರು. ಮೊದಲ ವರ್ಷದ ಅಂಕಗಳಿಂದ ಕಂಗೆಟ್ಟ ವಿದ್ಯಾರ್ಥಿಗಳನ್ನು ತೆಗೆದುಕೊಂಡರು. ಅರ್ಧ ಜನರಿಗೆ, ಮೊದಲ ವರ್ಷ ಎಲ್ಲರಿಗೂ ಕಷ್ಟವೇ, ಆಮೇಲೆ ಅಂಕ ಏರುತ್ತದೆ ಎಂಬ ಮಾಹಿತಿ ಕೊಟ್ಟರು. ಹಾಗೆ ಏರಿಸಿಕೊಂಡ ಸೀನಿಯರ್‌ಗಳ ವಿಡಿಯೊ ತೋರಿಸಿದರು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಆ ಗುಂಪಿನಲ್ಲಿ ಕಾಲೇಜು ಬಿಟ್ಟವರು ಶೇ. 5. ಮಾಹಿತಿ ಸಿಗದ ಗುಂಪಿನಲ್ಲಿ ಶೇ. 25. ಅಧ್ಯಯನ ಸಣ್ಣದು, 40 ಜನರದ್ದು. ಅದರ ಮೇಲೆ ಕೋಟೆ ಕಟ್ಟಬಾರದು. ಆದರೂ ಅದು ತೋರಿಸುವ ದಿಕ್ಕು ನಮಗೆ ಬೇಕಾದದ್ದು.

ಯಾಕೆಂದರೆ ಕನ್ನಡ ಮಾಧ್ಯಮದಲ್ಲಿ, ಬೆಳಗಾವಿ ಕಡೆ ಮರಾಠಿ ಮಾಧ್ಯಮದಲ್ಲೂ, ಓದಿ ಬಂದ ಮಗು ಒಮ್ಮೆಲೇ ಇಂಗ್ಲಿಷ್ ಪುಸ್ತಕದ ಮುಂದೆ ಕೂತಾಗ ಆಗುವುದು ನಿಜವಾದ ಕಷ್ಟ. ‘ಅದು ಸುಮ್ನೆ ನಿನ್ನ ಮನಸ್ಸಿನ ಭ್ರಮೆ’ ಎಂದರೆ ಅನ್ಯಾಯ. ಆದರೆ ಅದು ಭಾಷೆಯ ಕಷ್ಟ, ಬುದ್ಧಿಯದ್ದಲ್ಲ. ಭಾಷೆಯ ಕಷ್ಟಕ್ಕೆ ಕೆಲಸ ಇದೆ. ಪಾಠವನ್ನು ಮೊದಲು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಳ್ಳುವುದು, ಆಮೇಲೆ ಆ ಅಧ್ಯಾಯದಲ್ಲಿ ಮೇಲಿಂದ ಮೇಲೆ ಬರುವ ಇಂಗ್ಲಿಷ್ ಪದಗಳನ್ನು ಹಿಡಿಯುವುದು, ಆಮೇಲೆ ಉತ್ತರ ಬರೆಯುವುದು. ಅರ್ಥ ಮಾಡಿಕೊಳ್ಳುವ ಹೆಜ್ಜೆ ಬಿಟ್ಟು ನೇರವಾಗಿ ಇಂಗ್ಲಿಷ್ ಉತ್ತರವನ್ನು ಬಾಯಿಪಾಠ ಮಾಡಿದರೆ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೂ ಎಲ್ಲ ಕೈಕೊಡುತ್ತದೆ.

‘ಬುದ್ಧಿ ಬೆಳೆಯುತ್ತದೆ ಎಂದು ನಂಬಿದರೆ ಸಾಕು’ ಎಂಬ ಮಾತೂ ಈಗ ಶಾಲೆ ಕಾಲೇಜುಗಳಲ್ಲಿ ಓಡಾಡುತ್ತಿದೆ. ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ ಅವರ ಗ್ರೋತ್ ಮೈಂಡ್‌ಸೆಟ್ ವಿಚಾರ ಅದು. 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಈ ವಿಚಾರ ಹೇಳಿಕೊಟ್ಟ ಮೇಲೆ ಹಿಂದೆ ಬಿದ್ದ ಮಕ್ಕಳ ಗ್ರೇಡ್ ಏರಿದ್ದು 0.1 ಗ್ರೇಡ್ ಪಾಯಿಂಟ್‌ನಷ್ಟು. ಉಪಯೋಗ ಇದೆ, ಆದರೆ ಸಣ್ಣದು. ಓದುವ ರೀತಿ ಬದಲಾಗದೆ ಬರೀ ನಂಬಿಕೆ ಬದಲಾದರೆ ಹೆಚ್ಚೇನೂ ಆಗದು.

ಇನ್ನು ‘ಬೇಕಾ?’ ಎಂಬ ಪ್ರಶ್ನೆ

ಓದುವ ಹುಮ್ಮಸ್ಸಿನಲ್ಲೂ ಹಲವು ಬಗೆ ಇದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಡೇಸಿ 1971ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟರು. ಕೆಲವರಿಗೆ ಒಂದು ಹಂತದಲ್ಲಿ ಬಿಡಿಸಿದ ಪ್ರತಿ ಒಗಟಿಗೆ ದುಡ್ಡು ಕೊಟ್ಟರು. ದುಡ್ಡು ನಿಂತ ಮೇಲೆ ಆ ವಿದ್ಯಾರ್ಥಿಗಳು ಬಿಡುವಿನ ಹೊತ್ತಿನಲ್ಲಿ ಒಗಟಿನ ಕಡೆ ಮೊದಲಿನಷ್ಟು ನೋಡಲಿಲ್ಲ. ಅಲ್ಲಿಂದ ಮುಂದೆ ಡೇಸಿ ಮತ್ತು ರಿಚರ್ಡ್ ರಯಾನ್ ಕಟ್ಟಿದ ಸಿದ್ಧಾಂತ ಹೇಳುವುದಿಷ್ಟು. ತನ್ನ ಇಷ್ಟದಿಂದ ಮಾಡುತ್ತಿದ್ದೇನೆ, ನನಗೆ ಇದು ಬರುತ್ತಿದೆ, ನನ್ನವರು ಅನ್ನುವವರು ಇಲ್ಲಿದ್ದಾರೆ, ಈ ಮೂರು ಇದ್ದ ಕಡೆ ಹುಮ್ಮಸ್ಸು ಉಳಿಯುತ್ತದೆ.

ಇದನ್ನು ಓದಿದವರು ಕೆಲವರು ‘ನೌಕರಿಗಾಗಿ ಓದುವುದು ಕೀಳು, ಜ್ಞಾನಕ್ಕಾಗಿ ಓದಬೇಕು’ ಎಂದು ಮಕ್ಕಳಿಗೆ ಉಪದೇಶ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಡೇಸಿ, ರಯಾನ್ ಹಾಗೆ ಹೇಳಿಯೂ ಇಲ್ಲ. ಅವರ ಪ್ರಕಾರ ಹೊರಗಿನ ಕಾರಣಗಳಲ್ಲೂ ವ್ಯತ್ಯಾಸ ಇದೆ. ಅಪ್ಪ ಬೈತಾನೆ ಎಂದು ಓದುವುದು ಒಂದು. ಫೇಲಾದರೆ ಊರಲ್ಲಿ ಮರ್ಯಾದೆ ಹೋಗುತ್ತದೆ ಎಂದು ಓದುವುದು ಇನ್ನೊಂದು. ‘ನಾನು ಪಿಎಸ್ಐ ಆಗಬೇಕು, ಮನೆಗೆ ಆಸರೆಯಾಗಬೇಕು, ಅದಕ್ಕೆ ಈ ವಿಷಯ ನನಗೆ ಬೇಕು’ ಎಂದು ತಾನೇ ಒಪ್ಪಿಕೊಂಡು ಓದುವುದು ಬೇರೆಯೇ. ಮೂರನೆಯದು ವಿಷಯದ ಮೇಲಿನ ಪ್ರೀತಿ ಅಲ್ಲದಿರಬಹುದು. ಆದರೂ ಅದು ಸ್ವಂತದ ಕಾರಣ, ಗಟ್ಟಿ ಕಾರಣ. ವಿಜಯಪುರದ ಕೋಚಿಂಗ್ ಸೆಂಟರ್‌ಗಳ ಸುತ್ತ ರೂಮ್ ಮಾಡಿಕೊಂಡು, ಖಾನಾವಳಿಯಲ್ಲಿ ಉಂಡು, ಬೆಳಿಗ್ಗೆಯಿಂದ ಓದುವ ಮಕ್ಕಳ ಹುಮ್ಮಸ್ಸು ಇಂಥದ್ದು. ಅದಕ್ಕೆ ಗೌರವ ಕೊಡಬೇಕು. ತೊಂದರೆ ಬರುವುದು ಎರಡನೆಯ ಬಗೆಯಲ್ಲಿ. ನಾಚಿಕೆಗೆ, ಮರ್ಯಾದೆಗೆ ಅಂಜಿ ಓದುವವರು ಓದುತ್ತಾರೆ ನಿಜ, ಆದರೆ ಸೋಲನ್ನು ಮುಚ್ಚಿಡುತ್ತಾರೆ, ಡೌಟ್ ಕೇಳುವುದಿಲ್ಲ, ಖಾಲಿ ಹಾಳೆಗೆ ಎಲ್ಲರಿಗಿಂತ ಹೆಚ್ಚು ಹೆದರುತ್ತಾರೆ.

ಎಕಲ್ಸ್ ತಮ್ಮ ಸಿದ್ಧಾಂತದಲ್ಲಿ ‘ಬೆಲೆ’ ಎಂಬುದನ್ನೂ ಸೇರಿಸಿದ್ದರು. ಓದಿಗಾಗಿ ಏನನ್ನು ಬಿಡಬೇಕು ಅನ್ನುವ ಲೆಕ್ಕ ಅದು. ಕಬ್ಬು ಕಡಿಯುವ ಕಾಲದಲ್ಲಿ, ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ಮನೆಗೆ ಕೈ ಬೇಕು. ಹೆಣ್ಣುಮಕ್ಕಳಿಗೆ ಮನೆಗೆಲಸ ಕಾಲೇಜಿನ ರಜೆ ನೋಡಿ ನಿಲ್ಲುವುದಿಲ್ಲ. ಇಂಥ ಕಡೆ ‘ಮನಸ್ಸಿದ್ದರೆ ಮಾರ್ಗ’ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಹಾಸ್ಟೆಲ್ ಸೀಟು, ಸರಿಯಾದ ಹೊತ್ತಿಗೆ ಸ್ಕಾಲರ್‌ಶಿಪ್, ರಾತ್ರಿ ತೆರೆದಿರುವ ಲೈಬ್ರರಿ, ಇವು ಕೂಡ ಓದುವ ಮನಸ್ಸನ್ನು ಕಟ್ಟುತ್ತವೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು?

ಪೂರ್ತಿ ಸಿಲಬಸ್ ಬೇಡ, ಒಂದು ಅಧ್ಯಾಯದ ಒಂದು ಭಾಗ ಸಾಕು. ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯಿರಿ. ಮೊದಲ ಸಲ ನಾಲ್ಕೇ ಸಾಲು ಬರಬಹುದು. ಆಗ ಎದೆ ಝಲ್ಲೆನ್ನುತ್ತದೆ. ಅದು ಸೋಲಲ್ಲ, ಕೆಲಸ ಶುರುವಾಗಿದೆ ಎಂದರ್ಥ. ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ನೋಡಿ, ಮಾರನೇ ದಿನ ಮತ್ತೆ ಬರೆಯಿರಿ. ನಾಲ್ಕು ಸಾಲು ಹತ್ತಾಗುವುದನ್ನು ಕಣ್ಣಾರೆ ನೋಡಿದಾಗ ಬರುವ ನಂಬಿಕೆಯನ್ನು ಯಾವ ಭಾಷಣವೂ ಕೊಡಲಾರದು. ಆ ಹಾಳೆಗಳನ್ನು ಎಸೆಯಬೇಡಿ, ದಿನಾಂಕ ಹಾಕಿ ಇಡಿ.

ಯಾವಾಗ, ಎಲ್ಲಿ ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ‘ಇವತ್ತು ಓದುತ್ತೇನೆ’ ಅನ್ನುವುದಕ್ಕೂ ‘ಖಾನಾವಳಿಯಿಂದ ಬಂದ ಕೂಡಲೇ ರೂಮಿನ ಕಿಟಕಿ ಹತ್ತಿರ ಕೂತು ಎರಡು ಲೆಕ್ಕ ಮಾಡುತ್ತೇನೆ’ ಅನ್ನುವುದಕ್ಕೂ ಬಹಳ ವ್ಯತ್ಯಾಸ. ಜರ್ಮನಿಯ ಪೀಟರ್ ಗೋಲ್ವಿಟ್ಸರ್ 1990ರ ದಶಕದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಒಂದು ಸಣ್ಣ ವರದಿ ಬರೆದು ಕಳಿಸಲು ಹೇಳಿದರು. ಎಲ್ಲಿ, ಯಾವಾಗ ಬರೆಯುತ್ತೇವೆ ಎಂದು ಮೊದಲೇ ಗೊತ್ತು ಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಜನ ಹೊತ್ತಿಗೆ ಸರಿಯಾಗಿ ಬರೆದರು. ಉಳಿದವರಲ್ಲಿ ಬರೆದವರು ಸುಮಾರು ಮೂರನೇ ಒಂದು ಪಾಲು. ಬೈಲಹೊಂಗಲದಿಂದ, ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬೆಳಗಾವಿಗೆ ಬರುವವರಿಗೆ ಇದು ಇನ್ನೂ ಸುಲಭ. ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ, ನಿನ್ನೆಯ ಕ್ಲಾಸಿನ ಮೂರು ಮಾತು ಕಣ್ಣು ಮುಚ್ಚಿ ನೆನಪಿಸಿಕೊಳ್ಳುವುದು.

ಒಂದು ದಿನ ತಪ್ಪಿದರೆ ತಮ್ಮನ್ನೇ ಹಳಿದುಕೊಳ್ಳುವ ಮಕ್ಕಳಿಗೆ ಕೆನಡಾದ ಒಂದು ಅಧ್ಯಯನ ಹೇಳಬೇಕು. 2010ರಲ್ಲಿ ಮೈಕೆಲ್ ವೋಲ್ ಮತ್ತು ಸಂಗಡಿಗರು 119 ಮೊದಲ ವರ್ಷದ ವಿದ್ಯಾರ್ಥಿಗಳನ್ನು ನೋಡಿದರು. ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ತಮ್ಮನ್ನು ಬೈದುಕೊಳ್ಳುತ್ತ ಕೂತರೆ ಪುಸ್ತಕ ನೋಡಿದಾಗಲೆಲ್ಲ ಆ ಬೈಗುಳವೇ ನೆನಪಾಗುತ್ತದೆ. ಆಮೇಲೆ ಪುಸ್ತಕದಿಂದಲೇ ದೂರ ಹೋಗುತ್ತಾರೆ.

ಮೇಷ್ಟ್ರುಗಳ ಕೈಯಲ್ಲಿ ಇರುವುದು ಇಂಟರ್ನಲ್ ಟೆಸ್ಟ್. ಅದನ್ನು ಅಂಕ ಹಂಚುವ ಶಾಸ್ತ್ರವಾಗಿ ಮುಗಿಸಬಹುದು. ಅಥವಾ ಕ್ಲಾಸಿನ ಕೊನೇ ಐದು ನಿಮಿಷ, ಅಂಕವೇ ಇಲ್ಲದ ಎರಡು ಪ್ರಶ್ನೆ ಕೇಳಿ ಬರೆಸಿ, ಖಾಲಿ ಹಾಳೆಯ ಭಯವನ್ನು ಟೆಸ್ಟಿಗೆ ಮೊದಲೇ ತೆಗೆಯಬಹುದು. ಪೇಪರ್ ತಿದ್ದಿ ಕೊಡುವಾಗ ‘ಚೆನ್ನಾಗಿ ಓದು’ ಎಂದು ಬರೆದರೆ ವಿದ್ಯಾರ್ಥಿಗೆ ಏನೂ ಸಿಗದು. ‘ಸೂತ್ರ ಸರಿ ಇದೆ, ಮೂರನೇ ಹೆಜ್ಜೆಯಲ್ಲಿ ಚಿಹ್ನೆ ತಪ್ಪಿದೆ’ ಎಂದು ಬರೆದರೆ, ತಪ್ಪು ತನ್ನ ತಲೆಯಲ್ಲಿಲ್ಲ, ಮೂರನೇ ಹೆಜ್ಜೆಯಲ್ಲಿದೆ ಎಂದು ಅವನಿಗೆ ತಿಳಿಯುತ್ತದೆ.

ತಂದೆತಾಯಿಗಳು ಡಿಗ್ರಿ ಓದಿರಬೇಕೆಂದೇನೂ ಇಲ್ಲ. ರವಿವಾರ ಮಗಳು ಊರಿಗೆ ಬಂದಾಗ “ಎಷ್ಟ ಮಾರ್ಕ್ಸ್ ಬಿದ್ದಾವು?” ಎಂದು ಕೇಳುವ ಬದಲು, “ಈ ವಾರ ಏನ ಕಲ್ತಿ, ನನಗ ತಿಳಿಯೂ ಹಂಗ ಹೇಳವಾ” ಎಂದು ಕೇಳಬಹುದು. ಅವಳು ರೊಟ್ಟಿ ತಿನ್ನುತ್ತ, ಪುಸ್ತಕ ನೋಡದೆ, ತನ್ನ ಮಾತಿನಲ್ಲಿ ಹೇಳತೊಡಗಿದರೆ, ರೋಡಿಗರ್ ಮತ್ತು ಕಾರ್ಪಿಕಿಯ ಪ್ರಯೋಗದಲ್ಲಿ ಎರಡನೇ ಗುಂಪು ಮಾಡಿದ ಕೆಲಸವನ್ನೇ ಮಾಡುತ್ತಿದ್ದಾಳೆ. ನಡುವೆ ಎಲ್ಲಿ ತಡವರಿಸಿದಳೋ, ಸೋಮವಾರ ಓದಬೇಕಾದ್ದು ಆ ಭಾಗವನ್ನೇ.